ಕುಂಬಳಕಾಯಿ ಕೇಳಿದ ಉಪಕುಲಪತಿ

ಮೊನ್ನೆ ಭಾನುವಾರ ಜಯನಗರ ಏಳನೇ ಬ್ಲಾಕಿನ ಎಚ್.ಎನ್. ಕಲಾಕ್ಷೇತ್ರಕ್ಕೆ ನಾಟಕ ನೋಡಲು ಹೋಗಿದ್ದೆ. ಜೊತೆಗೆ ಆಫೀಸಿನ ಗೆಳೆಯನೂ ಬಂದಿದ್ದ. ಪುತ್ತೂರಿನವನು, ಬಿಟಿಎಂ ಲೇಔಟಿನಲ್ಲಿರುತ್ತಾನೆ. ಬೋರ್ಡು ನೋಡಿ "ಎಚ್.ಎನ್. ಅಂದ್ರೆ ಯಾರು ಮಾರಾಯ?" ಅಂದ. ನಾನು ಹಿಂದೆಮುಂದೆ ನೋಡದೆ, "ಅದೇ, ಸಾಯಿಬಾಬಾ ಹತ್ರ ಕುಂಬಳಕಾಯಿ ಸೃಷ್ಟಿಸಿ ಕೊಡಿ ಅಂತ ಕೇಳಿದ ಮೇಷ್ಟ್ರು" ಅಂದೆ. ಅವನು ನಕ್ಕ, ನಾನೂ ನಕ್ಕೆ.

ಮನೆಗೆ ಬರುವಾಗ ಯಾಕೋ ಕಸಿವಿಸಿ ಆಯಿತು. ಒಂದು ವಿಶ್ವವಿದ್ಯಾಲಯ ನಡೆಸಲು ಹೊರಟಿದ್ದ ತನಿಖೆಯ ಬಗ್ಗೆ ನನಗೆ ಗೊತ್ತಿರುವುದು ಒಂದು ಜೋಕು ಮಾತ್ರವೇ? ಆ ಜೋಕು ನನ್ನವರೆಗೆ ಹೇಗೆ ಬಂತು ಅಂತ ಯೋಚಿಸಿದರೆ, ತಾತನ ಬಾಯಿಂದ ಬಂದದ್ದು. ತಾತನಿಗೆ ಬಂದದ್ದು ಪೇಪರಿನಿಂದ. ಹಾಗಾಗಿ ಇವತ್ತು ಆ ಕಥೆಯನ್ನು ಸ್ವಲ್ಪ ನಿಧಾನವಾಗಿ ಬರೆಯೋಣ ಅಂತ ಕೂತಿದ್ದೇನೆ.

ಡಾ. ಎಚ್. ನರಸಿಂಹಯ್ಯ ಹುಟ್ಟಿದ್ದು 1920ರಲ್ಲಿ, ಗೌರಿಬಿದನೂರು ತಾಲ್ಲೂಕಿನ ಹೊಸೂರಿನಲ್ಲಿ, ಕಡುಬಡವರ ಮನೆಯಲ್ಲಿ. ಹೈಸ್ಕೂಲು ಓದಲು ಊರಿಂದ ಬೆಂಗಳೂರಿಗೆ ನಡೆದುಕೊಂಡೇ ಬಂದವರು. ಸೆಂಟ್ರಲ್ ಕಾಲೇಜಿನಲ್ಲಿ ಭೌತಶಾಸ್ತ್ರ ಓದುವಾಗ ಕ್ವಿಟ್ ಇಂಡಿಯಾ ಚಳವಳಿ, ಜೈಲು. 1946ರಲ್ಲಿ ಬಸವನಗುಡಿ ನ್ಯಾಷನಲ್ ಕಾಲೇಜಿನಲ್ಲಿ ಅಧ್ಯಾಪಕರಾದರು. ಆಮೇಲೆ ಅಮೆರಿಕದ ಓಹಾಯೋ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಪರಮಾಣು ಬೀಜದ ಭೌತಶಾಸ್ತ್ರದಲ್ಲಿ ಪಿಎಚ್.ಡಿ. ಅಲ್ಲಿಂದ ಬಂದು ಮತ್ತೆ ಅದೇ ಕಾಲೇಜು, ಅದೇ ಹಾಸ್ಟೆಲಿನ ಕೋಣೆ, ಅದೇ ಖಾದಿ ಟೋಪಿ. ಮದುವೆಯಾಗಲಿಲ್ಲ. 1962ರಲ್ಲಿ ಬೆಂಗಳೂರು ಸೈನ್ಸ್ ಫೋರಂ ಶುರು ಮಾಡಿದರು. ಬುಧವಾರದ ಅದರ ಉಪನ್ಯಾಸಕ್ಕೆ ನಮ್ಮ ತಾತ ಅಂಚೆ ಇಲಾಖೆಯ ಕೆಲಸ ಮುಗಿಸಿ ಸೀದಾ ಹೋಗುತ್ತಿದ್ದರಂತೆ. (ಅರ್ಥ ಆಗ್ತಿತ್ತಾ ತಾತ ಅಂತ ಕೇಳಿದರೆ, "ಅರ್ಧ ಆಗ್ತಿತ್ತು, ಇನ್ನರ್ಧ ಕೇಳ್ಕೊಂಡು ಬರ್ತಿದ್ದೆ" ಅಂತಾರೆ.)

1972ರಲ್ಲಿ ಎಚ್.ಎನ್. ಬೆಂಗಳೂರು ವಿಶ್ವವಿದ್ಯಾಲಯದ ಉಪಕುಲಪತಿಗಳಾದರು. ಈಗ ನಾವು ಕುಲಪತಿ ಅನ್ನುವ ಹುದ್ದೆಗೆ ಆಗ ಆ ಹೆಸರು. 1976ರಲ್ಲಿ ಪವಾಡಗಳನ್ನೂ, ಪರೀಕ್ಷಿಸಿ ನೋಡಬಹುದಾದ ಇತರ ಮೂಢನಂಬಿಕೆಗಳನ್ನೂ ತನಿಖೆ ಮಾಡಲು ವಿಶ್ವವಿದ್ಯಾಲಯದಿಂದ ಒಂದು ಸಮಿತಿ ಮಾಡಿದರು. ಅಧ್ಯಕ್ಷರು ಅವರೇ. "ಪರೀಕ್ಷಿಸಿ ನೋಡಬಹುದಾದ" ಅನ್ನುವ ಮಾತನ್ನು ದಯವಿಟ್ಟು ಗಮನಿಸಿ. ದೇವರಿದ್ದಾನೋ ಇಲ್ಲವೋ ಅನ್ನುವುದು ಆ ಸಮಿತಿಯ ಪ್ರಶ್ನೆ ಆಗಿರಲಿಲ್ಲ. ಒಬ್ಬರು ಗಾಳಿಯಿಂದ ವಿಭೂತಿ ತೆಗೆಯುತ್ತೇನೆ ಅಂದರೆ, ಅದು ಗಾಳಿಯಿಂದ ಬಂತೋ ಅಂಗಿಯ ತೋಳಿನಿಂದ ಬಂತೋ ಅನ್ನುವುದಷ್ಟೇ ಪ್ರಶ್ನೆ.

ಎಚ್.ಎನ್. ಪುಟ್ಟಪರ್ತಿಯ ಸತ್ಯಸಾಯಿಬಾಬಾರಿಗೆ ಮೂರು ಪತ್ರ ಬರೆದರು. ನಮ್ಮ ಸಮಿತಿಯ ಮುಂದೆ, ನಾವು ಹೇಳುವ ನಿಬಂಧನೆಗಳಿಗೆ ಒಳಪಟ್ಟು ಪವಾಡ ಮಾಡಿ ತೋರಿಸಿ ಅನ್ನುವುದು ತಾತ್ಪರ್ಯ. ಒಂದಕ್ಕೂ ಉತ್ತರ ಬರಲಿಲ್ಲ. ಪತ್ರಗಳ ವಿಷಯ ಪತ್ರಿಕೆಗಳಲ್ಲಿ ಬಂತು. ಅಲ್ಲಿಂದ ಶುರುವಾದ ಚರ್ಚೆ ದೇಶದ ಪತ್ರಿಕೆಗಳಲ್ಲಿ ತಿಂಗಳುಗಟ್ಟಲೆ ನಡೆಯಿತು. ನಮ್ಮ ಮನೆಯಲ್ಲೂ ನಡೆಯಿತು ಅನ್ನಿ. ಅಜ್ಜಿಯ ದೇವರಮನೆಯಲ್ಲಿ ಬಾಬಾ ಫೋಟೋ, ತಾತನ ಕೈಯಲ್ಲಿ ಪೇಪರು. ಪೇಪರು ಬಂದ ದಿನ ಕಾಫಿ ತಡವಾಗುತ್ತಿತ್ತಂತೆ :)

ಇಸವಿ ನೋಡಿ, 1976. ತುರ್ತು ಪರಿಸ್ಥಿತಿಯ ಕಾಲ. 1975ರ ಜೂನ್‌ನಿಂದ ಪತ್ರಿಕೆಗಳ ಮೇಲೆ ಸೆನ್ಸಾರ್ ಕತ್ತರಿ. ಸರ್ಕಾರದ ವಿರುದ್ಧ ಒಂದು ಸಾಲು ಬರೆಯುವುದು ಕಷ್ಟ. ಅಂಥ ಹೊತ್ತಿನಲ್ಲಿ ಓದುಗರು ಎರಡು ಪಕ್ಷವಾಗಿ ಕೂಗಾಡಬಹುದಾದ ವಿಷಯವೊಂದು ಸಿಕ್ಕಿದರೆ ಯಾವ ಸಂಪಾದಕ ಬಿಟ್ಟಾನು? ಇದು ನನ್ನ ಊಹೆ, ಒಪ್ಪಲೇಬೇಕೆಂದಿಲ್ಲ. ಆದರೆ ಆ ಗದ್ದಲದ ಜೋರಿಗೆ ಸುತ್ತಲಿನ ಬಲವಂತದ ಮೌನವೂ ಒಂದು ಕಾರಣ ಇರಬೇಕು ಅಂತ ನನಗೆ ಅನಿಸುತ್ತದೆ.

ಇನ್ನೊಂದು ಕಾರಣ ಲೆಟರ್‌ಹೆಡ್ಡು. ಪವಾಡ ಮಾಡಿ ತೋರಿಸಿ ಅಂತ ಸವಾಲು ಹಾಕಿದವರಲ್ಲಿ ಎಚ್.ಎನ್. ಮೊದಲಿಗರಲ್ಲ. ಶ್ರೀಲಂಕಾದಲ್ಲಿ ನೆಲೆಸಿದ್ದ ಕೇರಳ ಮೂಲದ ಅಬ್ರಹಾಂ ಕೋವೂರ್ 1960ರ ದಶಕದಲ್ಲೇ ಒಂದು ಲಕ್ಷ ರೂಪಾಯಿ ಪಣ ಒಡ್ಡಿದ್ದರು. ಆದರೆ ಕೋವೂರರನ್ನು ನಾಸ್ತಿಕ ಅಂತ ಒಂದು ಮಾತಲ್ಲಿ ಪಕ್ಕಕ್ಕಿಡಬಹುದು. ಸರ್ಕಾರದ ದುಡ್ಡಲ್ಲಿ ನಡೆಯುವ ವಿಶ್ವವಿದ್ಯಾಲಯದ ಮುಖ್ಯಸ್ಥನೇ ಕೇಳಿದರೆ? ಅದು ಸುದ್ದಿ.

ಈಗ ಕುಂಬಳಕಾಯಿಗೆ ಬರೋಣ. ಬಾಬಾ ಕೈಯಿಂದ ಬರುತ್ತಿದ್ದದ್ದು ಉಂಗುರ, ಸರ, ವಾಚು, ವಿಭೂತಿ, ಎಲ್ಲವೂ ಮುಷ್ಟಿಯಲ್ಲಿ ಹಿಡಿಯುವಂಥವು. ಅದಕ್ಕೇ ಎಚ್.ಎನ್. ಕುಂಬಳಕಾಯಿ ಕೇಳಿದ್ದು. ಶೂನ್ಯದಿಂದ ಉಂಗುರ ಬರುತ್ತದೆ ಅಂದಮೇಲೆ ಕುಂಬಳಕಾಯಿಯೂ ಬರಬೇಕು, ಶೂನ್ಯಕ್ಕೆ ಸಣ್ಣದು ದೊಡ್ಡದು ಅಂತ ಇಲ್ಲ. ತೋಳಿಗೆ ಮಾತ್ರ ಇದೆ! ಆಫೀಸಿನಲ್ಲಿ ನಾವು ಬರೆದ ಪ್ರೋಗ್ರಾಂ ಅನ್ನು ಟೆಸ್ಟಿಂಗ್ ಟೀಮಿನವರಿಗೆ ಕೊಡುತ್ತೇವಲ್ಲ, ಒಳ್ಳೆಯ ಟೆಸ್ಟರ್ ಮಾಡುವುದು ಇದನ್ನೇ. ನಾವು ತೋರಿಸಿದ ಇನ್‌ಪುಟ್ ಬಿಟ್ಟು ಬೇರೆಯದನ್ನು ಕೊಡುತ್ತಾರೆ. "ನನ್ನ ಕಂಪ್ಯೂಟರಿನಲ್ಲಿ ಸರಿಯಾಗಿ ಓಡ್ತಿದೆಯಲ್ಲ" ಅನ್ನುವ ನಮ್ಮ ಮಾತನ್ನು ಅವರು ಕಿವಿಗೇ ಹಾಕಿಕೊಳ್ಳುವುದಿಲ್ಲ. ಇಡೀ ಪ್ರಕರಣದಲ್ಲಿ ಅತ್ಯಂತ ವೈಜ್ಞಾನಿಕವಾದ ವಿಚಾರ ಕುಂಬಳಕಾಯಿಯೇ. ಆದರೆ ಜನರ ಬಾಯಲ್ಲಿ ಉಳಿದದ್ದು ನಗೆಹನಿಯಾಗಿ. ಕನ್ನಡದಲ್ಲಿ ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಳ್ಳುವ ಗಾದೆ ಬೇರೆ ಇದೆ. ಇನ್ನು ಕೇಳಬೇಕೆ!

ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ಮುಂಬಯಿಯ 'ಬ್ಲಿಟ್ಜ್' ವಾರಪತ್ರಿಕೆಯ ಸಂಪಾದಕ ಆರ್.ಕೆ. ಕರಂಜಿಯಾ ಬಾಬಾರ ದೀರ್ಘ ಸಂದರ್ಶನ ಮಾಡಿದರು. ಎಚ್.ಎನ್. ಸಮಿತಿಯ ಮಾತೂ ಅಲ್ಲಿ ಬಂತು. ಸಮಿತಿ ಕೇಳಿದ ರೀತಿ ಸರಿಯಿಲ್ಲ, ವಿಜ್ಞಾನ ಇಂದ್ರಿಯಗಳಿಗೆ ಎಟಕುವ ವಿಷಯಗಳಿಗೆ ಸೀಮಿತವಾಗಿರಬೇಕು, ಅಧ್ಯಾತ್ಮ ಇಂದ್ರಿಯಗಳನ್ನು ಮೀರಿದ್ದು ಅನ್ನುವುದು ಬಾಬಾರ ಉತ್ತರದ ಸಾರ. ಅಧ್ಯಾತ್ಮದ ಮಟ್ಟಿಗೆ ಆ ಮಾತಿಗೆ ನನ್ನ ತಕರಾರಿಲ್ಲ. ಆದರೆ ಉಂಗುರ ಕಣ್ಣಿಗೆ ಕಾಣುತ್ತದೆ, ಬೆರಳಿಗೆ ಸೇರುತ್ತದೆ, ಅಕ್ಕಸಾಲಿಗ ತೂಕ ಹಾಕಬಹುದು. ಅದು ಹೇಗೆ ಇಂದ್ರಿಯ ಮೀರಿದ್ದಾಗುತ್ತದೆ ಅಂತ ಎದುರಿಗೆ ಕೂತವರು ಪಟ್ಟುಹಿಡಿದು ಕೇಳಬೇಕಿತ್ತು. ಮೊದಲು ಬಾಬಾರನ್ನು ಟೀಕಿಸುತ್ತಿದ್ದ ಕರಂಜಿಯಾ ಆಮೇಲೆ ಅವರ ಅಭಿಮಾನಿಯಾದರು, 1994ರಲ್ಲಿ ಅವರ ಬಗ್ಗೆ ಪುಸ್ತಕವನ್ನೂ ತಂದರು.

ಇಷ್ಟು ಹೇಳಿದ ಮೇಲೆ ಎಚ್.ಎನ್. ಬಗ್ಗೆಯೂ ಒಂದು ಮಾತು ಹೇಳಬೇಕು. ಪತ್ರಕ್ಕೆ ಉತ್ತರ ಕೊಡದೇ ಇದ್ದದ್ದೇ ಪವಾಡ ಸುಳ್ಳು ಅನ್ನುವುದಕ್ಕೆ ಒಂದು ಸೂಚನೆ ಅಂತ ಅವರು ಭಾವಿಸಿದ್ದರು. ಅವರ ಮೇಲೆ ಎಷ್ಟೇ ಗೌರವ ಇದ್ದರೂ ನನಗೆ ಇದು ಪೂರ್ತಿ ಒಪ್ಪಿಗೆಯಿಲ್ಲ. ನಮ್ಮಲ್ಲಿ ಓಡಿಸದ ಟೆಸ್ಟನ್ನು 'ಫೇಲ್' ಅಂತ ಬರೆಯುವುದಿಲ್ಲ, 'ಓಡಿಸಿಲ್ಲ' ಅಂತ ಬರೆಯುತ್ತೇವೆ. ಅನುಮಾನ ಹೆಚ್ಚಾಗಬಹುದು, ಫಲಿತಾಂಶ ಅಲ್ಲ. ಪತ್ರಿಕೆಗಳಲ್ಲಿ ಒಂದು ಪಕ್ಷದವರು ಬಾಬಾ ಹೆದರಿದರು ಅಂದರು, ಇನ್ನೊಂದು ಪಕ್ಷದವರು ಎಚ್.ಎನ್.ಗೆ ಅಹಂಕಾರ ಅಂದರು. ಪರೀಕ್ಷೆ ನಡೆದೇ ಇಲ್ಲ ಅನ್ನುವುದು ಇಬ್ಬರಿಗೂ ಬೇಡವಾಗಿತ್ತು.

ನಡೆದ ಪರೀಕ್ಷೆ ಬೇರೆ ಇತ್ತು! ಮಂಡ್ಯ ಜಿಲ್ಲೆಯ ಪಾಂಡವಪುರದಲ್ಲಿ ಒಬ್ಬ ಪುಟ್ಟ ಹುಡುಗ ವಿಭೂತಿ ಸೃಷ್ಟಿಸುತ್ತಾನೆ ಅಂತ ಜನ ಮುಗಿಬೀಳುತ್ತಿದ್ದರು. ಸಮಿತಿಯವರು ಅಲ್ಲಿಗೇ ಹೋದರು, ನೋಡಿದರು. ವಿಭೂತಿಯನ್ನು ಮಗುವಿನ ಬಟ್ಟೆಯಲ್ಲಿ ಅಡಗಿಸಿಟ್ಟದ್ದು ಬಯಲಾಯಿತು. ಒಂದು ಪ್ರಶ್ನೆ, ಒಂದು ಭೇಟಿ, ಒಂದು ಉತ್ತರ. ಸಂಶೋಧನೆ ಅಂತ ಕರೆಯಬಹುದಾದ ಕೆಲಸ ಇದು. ನಮ್ಮ ತಾತನನ್ನು ಕೇಳಿದೆ, ಪಾಂಡವಪುರ ನೆನಪಿದೆಯಾ ಅಂತ. "ಸಕ್ಕರೆ ಫ್ಯಾಕ್ಟರಿನಾ?" ಅಂದರು. ಬಾಬಾ-ಎಚ್.ಎನ್. ಜಗಳದ ಪ್ರತಿ ಸುತ್ತೂ ನೆನಪಿರುವ ಮನುಷ್ಯನಿಗೆ ಇದು ನೆನಪಿಲ್ಲ. ಒಂದು ಬಡ ಮಗುವನ್ನು ಮುಂದಿಟ್ಟುಕೊಂಡು ದೊಡ್ಡವರು ಏನು ಮಾಡುತ್ತಿದ್ದರು ಅನ್ನುವ ಪ್ರಶ್ನೆ ಎರಡು ದೊಡ್ಡ ಹೆಸರುಗಳ ಕುಸ್ತಿಯ ಮುಂದೆ ಸಪ್ಪೆಯಾಯಿತು.

ಇನ್ನು ಮುಂದಿನದು ಚಿಕ್ಕ ಕಥೆ. 1977ರಲ್ಲಿ ಎಚ್.ಎನ್. ಅವಧಿ ಮುಗಿಯಿತು, ಆಗಸ್ಟ್‌ನಲ್ಲಿ ಸಮಿತಿಯೂ ವಿಸರ್ಜನೆಯಾಯಿತು. ತಮಾಷೆ ಅಂದರೆ ಆ ವರ್ಷದ ಜನವರಿಯಲ್ಲೇ 42ನೇ ತಿದ್ದುಪಡಿಯ ಮೂಲಕ ವೈಜ್ಞಾನಿಕ ಮನೋಭಾವ ಬೆಳೆಸಿಕೊಳ್ಳುವುದು ಪ್ರತಿ ನಾಗರಿಕನ ಮೂಲಭೂತ ಕರ್ತವ್ಯ ಅಂತ ಸಂವಿಧಾನದಲ್ಲಿ ಸೇರಿತ್ತು. ಕರ್ತವ್ಯ ಪುಸ್ತಕಕ್ಕೆ ಬಂತು, ಸಮಿತಿ ಮನೆಗೆ ಹೋಯಿತು.

1995ರ ಸೆಪ್ಟೆಂಬರ್ 21ರಂದು ಗಣೇಶ ಹಾಲು ಕುಡಿದ ದಿನವನ್ನು ಅಮ್ಮ ಈಗಲೂ ವರ್ಣಿಸುತ್ತಾರೆ. ಬನಶಂಕರಿಯ ನಮ್ಮ ಬೀದಿಯಲ್ಲಿ ಹಾಲೇ ಸಿಗಲಿಲ್ಲವಂತೆ. ಆಗ ವಿಜ್ಞಾನಿಗಳು ಬಣ್ಣ ಬೆರೆಸಿದ ಹಾಲು ಕೊಟ್ಟು, ಅದು ಮೂರ್ತಿಯ ಮೇಲೆ ತೆಳುವಾಗಿ ಹರಿದು ಇಳಿಯುವುದನ್ನು ತೋರಿಸಿಕೊಟ್ಟರು. ಮೇಲ್ಮೈ ಎಳೆತ ಅಂದರೇನು ಅಂತ ದೇಶಕ್ಕೆ ಪಾಠವಾಯಿತು. ವಿಗ್ರಹಕ್ಕೆ ಪತ್ರ ಬರೆದು ಒಪ್ಪಿಗೆ ಪಡೆಯಬೇಕಿರಲಿಲ್ಲ, ಅದೊಂದು ಅನುಕೂಲ.

ಎಚ್.ಎನ್. 2005ರ ಜನವರಿ 31ರಂದು ತೀರಿಕೊಂಡರು. ಬಾಬಾ 2011ರ ಏಪ್ರಿಲ್ 24ರಂದು. ನಮ್ಮ ಅಜ್ಜಿ ಎರಡೂ ದಿನ ಟಿವಿ ಮುಂದೆ ಕೂತು ಅತ್ತರಂತೆ. "ಎಚ್.ಎನ್.ಗೂ ಯಾಕೆ ಅತ್ತೆ ಅಜ್ಜಿ, ನಿಮ್ಮ ಬಾಬಾಗೆ ವಿರೋಧ ಇದ್ದೋರಲ್ವಾ?" ಅಂತ ಕೇಳಿದ್ದೆ. "ನಿಮ್ಮಪ್ಪಂಗೆ ನ್ಯಾಷನಲ್ ಕಾಲೇಜಲ್ಲಿ ಸೀಟು ಕೊಟ್ಟ ಮಹಾನುಭಾವ್ರು ಕಣೋ, ಒಂದು ಪೈಸೆ ಕೇಳ್ಲಿಲ್ಲ" ಅಂದರು.

ಆ ಗೆಳೆಯನಿಗೆ ನಾಳೆ ಪಾಂಡವಪುರದ ಕಥೆ ಹೇಳಬೇಕು. ಕುಂಬಳಕಾಯಿಯಷ್ಟು ನಗು ಬರುವುದಿಲ್ಲ, ಆದರೂ ಹೇಳಬೇಕು.