ಯಂತ್ರದ ಗುಟ್ಟು ಯಾರ ಸ್ವತ್ತು?



2025ರ ಅಕ್ಟೋಬರ್ 14ರಂದು ಮೈಕ್ರೋಸಾಫ್ಟ್ ಸಂಸ್ಥೆಯು ವಿಂಡೋಸ್ 10ಕ್ಕೆ ಕೊಡುತ್ತಿದ್ದ ಸಾಮಾನ್ಯ ಬೆಂಬಲವನ್ನು ನಿಲ್ಲಿಸಿತು. ಅದರ ಮುಂದಿನ ಆವೃತ್ತಿಯಾದ ವಿಂಡೋಸ್ 11ಕ್ಕೆ ಹೊಸ ಪೀಳಿಗೆಯ ಪ್ರೊಸೆಸರ್ ಬೇಕು, ಟಿಪಿಎಂ 2.0 ಎಂಬ ಭದ್ರತಾ ಏರ್ಪಾಡೂ ಬೇಕು. ಇದರಿಂದಾಗಿ ಚೆನ್ನಾಗಿಯೇ ಓಡುತ್ತಿದ್ದ ಎಷ್ಟೋ ಗಣಕಗಳು ಒಂದೇ ದಿನದಲ್ಲಿ ಹಳೆಯವೆನಿಸಿಕೊಂಡವು. ಸುಬ್ರಹ್ಮಣ್ಯಪುರದಲ್ಲೋ ಬನಶಂಕರಿಯಲ್ಲೋ ಇರುವ ನಿಮ್ಮ ಮನೆಯಲ್ಲೂ ಅಂಥದೊಂದು ಗಣಕವಿದ್ದರೆ, "ಎಸೆಯಬೇಡ, ಲಿನಕ್ಸ್ ಹಾಕಿ ನೋಡು" ಎಂದು ಯಾರಾದರೂ ಹೇಳಿರಬಹುದು. ಸಲಹೆ ಒಳ್ಳೆಯದೇ. ಆದರೆ ಅದರ ಬೆನ್ನಿಗೇ ಒಂದು ಅನುಮಾನವೂ ಬರುತ್ತದೆ: ಪ್ರಿಂಟರ್ ಕೆಲಸ ಮಾಡೀತೇ? ವೈಫೈ ಸಿಕ್ಕೀತೇ? ಈ ಅನುಮಾನಕ್ಕೆ ನಲವತ್ತು ವರ್ಷಗಳಿಗೂ ಮೀರಿದ ಇತಿಹಾಸವಿದೆ. ಅದನ್ನು ತಿಳಿದರೆ ನಿಮ್ಮ ಗಣಕದ ವಿಷಯದಲ್ಲಿ ನೀವೇ ತೀರ್ಮಾನ ಮಾಡಬಲ್ಲಿರಿ.

ದುಭಾಷಿಯ ಕೆಲಸ

ಗಣಕಕ್ಕೆ ಜೋಡಿಸಿದ ಪ್ರತಿಯೊಂದು ಸಾಧನಕ್ಕೂ ತನ್ನದೇ ಭಾಷೆಯಿದೆ. "ಈ ಪುಟವನ್ನು ಅಚ್ಚುಮಾಡು" ಎಂಬ ಮಾತು ಪ್ರಿಂಟರಿಗೆ ನೇರವಾಗಿ ಅರ್ಥವಾಗದು. ಯಾವ ಸಂಖ್ಯೆಯನ್ನು, ಯಾವ ಕ್ರಮದಲ್ಲಿ, ಎಲ್ಲಿಗೆ ಕಳುಹಿಸಬೇಕು ಎಂಬುದನ್ನು ಬಲ್ಲ ಒಬ್ಬ ದುಭಾಷಿ ನಡುವೆ ಬೇಕು. ಆ ದುಭಾಷಿಯೇ ಡ್ರೈವರ್, ಅಂದರೆ ಚಾಲಕ ತಂತ್ರಾಂಶ.

ವಿಂಡೋಸ್‌ಗೆ ಬೇಕಾದ ಡ್ರೈವರನ್ನು ಸಾಧನ ತಯಾರಿಸಿದ ಕಂಪನಿಯೇ ಬರೆದು, ಸಿಡಿಯಲ್ಲಿ ಹಾಕಿ ಡಬ್ಬಿಯ ಜೊತೆ ಕೊಡುತ್ತಿತ್ತು. ಲಿನಕ್ಸ್‌ಗೆ ಹಾಗೆ ಬರೆದುಕೊಡುವವರು ಕಡಿಮೆ. ಬೇರೆ ಯಾರಾದರೂ ಬರೆಯೋಣವೆಂದರೆ, ಆ ಸಾಧನದ ಭಾಷೆಯನ್ನು ವಿವರಿಸುವ ಕೈಪಿಡಿ ಕಂಪನಿಯ ಗುಟ್ಟಾಗಿರುತ್ತಿತ್ತು. ನಾವು ಹಣ ಕೊಟ್ಟು ಕೊಂಡ ಯಂತ್ರದ ಗುಟ್ಟು ಯಾರ ಸ್ವತ್ತು? ಇಡೀ ಕಥೆಯ ಗಂಟು ಇರುವುದು ಈ ಪ್ರಶ್ನೆಯಲ್ಲಿ.

ಒಂದು ಪ್ರಿಂಟರಿನಿಂದ ಮೊದಲಾದದ್ದು

1980ರ ಸುಮಾರಿಗೆ ಅಮೆರಿಕದ ಎಂಐಟಿ ವಿದ್ಯಾಸಂಸ್ಥೆಯ ಪ್ರಯೋಗಾಲಯಕ್ಕೆ ಝೆರಾಕ್ಸ್ ಕಂಪನಿಯ ಹೊಸ ಲೇಸರ್ ಪ್ರಿಂಟರ್ ಬಂತು. ಅಲ್ಲಿ ಕೆಲಸ ಮಾಡುತ್ತಿದ್ದ ರಿಚರ್ಡ್ ಸ್ಟಾಲ್ಮನ್, ಹಳೆಯ ಪ್ರಿಂಟರಿನಲ್ಲಿ ಕಾಗದ ಸಿಕ್ಕಿಕೊಂಡಾಗ ಅದು ಎಲ್ಲರಿಗೂ ತಿಳಿಯುವಂತೆ ತಂತ್ರಾಂಶವನ್ನು ತಿದ್ದಿದ್ದರು. ಹೊಸದಕ್ಕೂ ಹಾಗೆಯೇ ಮಾಡಲು ಹೊರಟಾಗ ಅದರ ಮೂಲ ಸಂಕೇತ ಸಿಗಲಿಲ್ಲ. ಅದನ್ನು ಇಟ್ಟುಕೊಂಡಿದ್ದ ಇನ್ನೊಂದು ವಿಶ್ವವಿದ್ಯಾಲಯದ ಸಂಶೋಧಕರೊಬ್ಬರು, ಯಾರಿಗೂ ಕೊಡುವುದಿಲ್ಲವೆಂದು ಕಂಪನಿಗೆ ಒಪ್ಪಂದ ಬರೆದುಕೊಟ್ಟಿದ್ದರು. ಸ್ಟಾಲ್ಮನ್ ಅವರ ಮನಸ್ಸಿಗೆ ನಾಟಿದ ಪ್ರಸಂಗಗಳಲ್ಲಿ ಇದೂ ಒಂದು. 1983ರಲ್ಲಿ ಅವರು ಗ್ನೂ ಯೋಜನೆಯನ್ನು ಘೋಷಿಸಿದರು. ಮುಕ್ತ ತಂತ್ರಾಂಶದ ಚಳವಳಿ ಹೀಗೆ ಪ್ರಿಂಟರ್ ತಂತ್ರಾಂಶದ ಸಿಟ್ಟಿನೊಂದಿಗೂ ಬೆಸೆದುಕೊಂಡಿದೆ.

1991ರ ಆಗಸ್ಟಿನಲ್ಲಿ ಫಿನ್ಲೆಂಡಿನ ವಿದ್ಯಾರ್ಥಿ ಲೈನಸ್ ಟೊರ್ವಾಲ್ಡ್ಸ್ ತಾನು ಬರೆಯುತ್ತಿರುವ ಕಾರ್ಯಾಚರಣ ವ್ಯವಸ್ಥೆಯ ಸುದ್ದಿಯನ್ನು ಲೋಕಕ್ಕೆ ತಿಳಿಸಿದರು. ಒಂದೇ ಬಗೆಯ ಹಾರ್ಡ್ ಡಿಸ್ಕ್ ಬಿಟ್ಟು ಬೇರೆ ಯಾವುದಕ್ಕೂ ಅದು ಎಂದೂ ಒಗ್ಗಲಾರದೇನೋ ಎಂದೂ ಹೇಳಿಕೊಂಡಿದ್ದರು, ಏಕೆಂದರೆ ತಮ್ಮ ಬಳಿ ಇದ್ದದ್ದೇ ಅದು! ಯಾರ ಬಳಿ ಯಾವ ಸಾಧನವಿತ್ತೋ ಅವರು ಅದಕ್ಕೆ ಡ್ರೈವರ್ ಬರೆದರು. ಲಿನಕ್ಸ್ ಬೆಳೆದದ್ದು ಹೀಗೆ.

ಬೆಂಗಳೂರಿನ ಅಧ್ಯಾಯ

ನಮ್ಮ ದೇಶದಲ್ಲಿ ಲಿನಕ್ಸ್ ಹರಡಿದ್ದು ಬಹುಮಟ್ಟಿಗೆ ಸಿಡಿಯ ಮೂಲಕ. 1996ರಲ್ಲಿ 'ಪಿಸಿ ಕ್ವೆಸ್ಟ್' ಪತ್ರಿಕೆಯು ತನ್ನ ಸಂಚಿಕೆಯ ಜೊತೆಗೆ ಲಿನಕ್ಸ್ ಸಿಡಿಯನ್ನು ಹಂಚಿತು. ಈ ಪ್ರಯತ್ನದ ಹಿಂದಿದ್ದವರು ಬೆಂಗಳೂರಿನ ಅತುಲ್ ಚಿಟ್ನಿಸ್ (1962-2013). ಅಂತರಜಾಲದಿಂದ ಇಳಿಸಿಕೊಳ್ಳುವುದು ಕನಸಾಗಿದ್ದ ದಿನಗಳಲ್ಲಿ ಆ ಸಿಡಿಯೇ ಎಷ್ಟೋ ಜನರಿಗೆ ಲಿನಕ್ಸ್‌ನ ಬಾಗಿಲಾಯಿತು.

ಬಾಗಿಲು ತೆರೆದರೂ ಹೊಸ್ತಿಲಲ್ಲೇ ಎಡವುವಂತಿತ್ತು. ನಮ್ಮ ಎಸ್.ಪಿ. ರಸ್ತೆಯಂಥ ಪೇಟೆಯಲ್ಲಿ ಜೋಡಿಸಿಕೊಡುತ್ತಿದ್ದ ಗಣಕದೊಳಗೆ ಹತ್ತಾರು ಕಂಪನಿಗಳ ಭಾಗಗಳಿರುತ್ತವೆ. ಬೆಲೆ ಇಳಿಸುವ ಪೈಪೋಟಿಯಲ್ಲಿ 'ವಿನ್‌ಮೋಡೆಮ್' ಎಂಬ ಸಾಧನ ಬಂತು. ಮಾಮೂಲಿ ಮೋಡೆಮ್‌ನಲ್ಲಿ ದೂರವಾಣಿ ಸಂಕೇತಗಳನ್ನು ಬಿಡಿಸುವ ಚಿಪ್ಪು ಇರುತ್ತಿತ್ತು. ವಿನ್‌ಮೋಡೆಮ್‌ನಲ್ಲಿ ಆ ಚಿಪ್ಪನ್ನು ತೆಗೆದುಹಾಕಿ, ಅದರ ಕೆಲಸವನ್ನು ಗಣಕದ ಪ್ರೊಸೆಸರಿಗೂ ವಿಂಡೋಸ್ ಡ್ರೈವರಿಗೂ ಒಪ್ಪಿಸಿದರು. ಬೆಲೆಯೇನೋ ಇಳಿಯಿತು. ಆದರೆ ಆ ಡ್ರೈವರ್ ಇಲ್ಲದಿದ್ದರೆ ಅದು ಬರಿಯ ತಗಡು. ವಿದೇಶ ಸಂಚಾರ ನಿಗಮವು ಭಾರತದ ಸಾರ್ವಜನಿಕರಿಗೆ ಅಂತರಜಾಲ ಒದಗಿಸತೊಡಗಿದ್ದು 1995ರ ಆಗಸ್ಟ್ 15ರಂದು. ಮನೆಯಿಂದ ಅಂತರಜಾಲಕ್ಕೆ ಮೋಡೆಮ್ ಒಂದೇ ದಾರಿಯಾಗಿದ್ದ ಆ ವರ್ಷಗಳಲ್ಲಿ, ಲಿನಕ್ಸ್ ಹಾಕಿದವರ ಪಾಡು ನೀವೇ ಊಹಿಸಿ: ಡ್ರೈವರ್ ಹುಡುಕಲು ಅಂತರಜಾಲ ಬೇಕು, ಅಂತರಜಾಲಕ್ಕೆ ಡ್ರೈವರ್ ಬೇಕು!

2001ರಲ್ಲಿ 'ಲಿನಕ್ಸ್ ಬೆಂಗಳೂರು' ಎಂಬ ಸಮ್ಮೇಳನ ಆರಂಭವಾಯಿತು. 2005ರಿಂದ 'ಫಾಸ್ ಡಾಟ್ ಇನ್' ಎಂಬ ಹೆಸರಿನಲ್ಲಿ 2012ರವರೆಗೆ ನಡೆಯಿತು. ಅದರ ಕೊನೆಯ ಕೆಲವು ಕೂಟಗಳು ಜಯನಗರಕ್ಕೆ ಹತ್ತಿರದ ನಿಮ್ಹಾನ್ಸ್ ಸಭಾಭವನದಲ್ಲಿ ಸೇರಿದ್ದವು. ಬರಿಯ ಬಳಕೆದಾರರಾಗಿ ಉಳಿಯಬೇಡಿ, ಬರೆಯುವವರಾಗಿ ಎಂಬುದು ಆ ಸಮ್ಮೇಳನದ ಒತ್ತಾಯವಾಗಿತ್ತು.

ಗುಟ್ಟು ಬಿಡಿಸಿದವರು

ಮೋಡೆಮ್‌ನ ಕಾಲ ಮುಗಿದು ವೈಫೈ ಬಂದಾಗ ಅದೇ ಸಮಸ್ಯೆ ಮರುಕಳಿಸಿತು. ಬ್ರಾಡ್‌ಕಾಮ್ ಕಂಪನಿಯ ವೈಫೈ ಚಿಪ್ಪುಗಳು ಅನೇಕ ಲ್ಯಾಪ್‌ಟಾಪ್‌ಗಳಲ್ಲಿದ್ದವು, ಆದರೆ ಅವುಗಳ ವಿವರ ಹೊರಬಿದ್ದಿರಲಿಲ್ಲ. ಆಗ ಸ್ವಯಂಸೇವಕರು ಎರಡು ತಂಡಗಳಾದರು. ಒಂದು ತಂಡವು ಕಂಪನಿಯ ಡ್ರೈವರನ್ನು ಬಿಡಿಸಿ ನೋಡಿ, ಚಿಪ್ಪು ಹೇಗೆ ನಡೆದುಕೊಳ್ಳುತ್ತದೆ ಎಂಬುದನ್ನಷ್ಟೇ ಬರೆದಿಟ್ಟಿತು. ಕಂಪನಿಯ ಡ್ರೈವರನ್ನು ಕಣ್ಣೆತ್ತಿಯೂ ನೋಡದ ಎರಡನೆಯ ತಂಡವು ಆ ಟಿಪ್ಪಣಿಗಳಿಂದ ಹೊಸ ಡ್ರೈವರ್ ಬರೆಯಿತು. ನಕಲು ಮಾಡಿದರೆಂಬ ಆಕ್ಷೇಪಕ್ಕೆ ಎಡೆಯಿರಬಾರದಲ್ಲವೇ? 2006ರಲ್ಲಿ ಅದು ಲಿನಕ್ಸ್‌ಗೆ ಸೇರಿತು. ನಾಲ್ಕು ವರ್ಷಗಳ ಬಳಿಕ, 2010ರಲ್ಲಿ, ಬ್ರಾಡ್‌ಕಾಮ್ ತಾನೇ ತನ್ನ ಅಂದಿನ ಹೊಸ ಚಿಪ್ಪುಗಳಿಗೆ ಮುಕ್ತ ಡ್ರೈವರ್ ಬಿಡುಗಡೆ ಮಾಡಿತು.

2007ರಲ್ಲಿ ಲಿನಕ್ಸ್‌ನ ಪ್ರಮುಖರಲ್ಲೊಬ್ಬರಾದ ಗ್ರೆಗ್ ಕ್ರೋ ಹಾರ್ಟ್‌ಮನ್ ಕಂಪನಿಗಳಿಗೆ ಬಹಿರಂಗ ಆಹ್ವಾನ ಕೊಟ್ಟರು: ಸಾಧನದ ವಿವರ ಕೊಡಿ, ಡ್ರೈವರನ್ನು ನಾವು ಉಚಿತವಾಗಿ ಬರೆದುಕೊಡುತ್ತೇವೆ. ಎಲ್ಲ ಕಂಪನಿಗಳೂ ಬೇಗ ಮಣಿಯಲಿಲ್ಲ. 2012ರಲ್ಲಿ ಟೊರ್ವಾಲ್ಡ್ಸ್ ಗ್ರಾಫಿಕ್ಸ್ ಕಾರ್ಡುಗಳ ಎನ್‌ವಿಡಿಯಾ ಕಂಪನಿಯನ್ನು ತುಂಬಿದ ಸಭೆಯಲ್ಲೇ ಕಟುವಾಗಿ ಬೈದರು. ಆ ಕಂಪನಿ ತನ್ನ ಹೊಸ ಕಾರ್ಡುಗಳ ಡ್ರೈವರಿನ ಒಂದು ಭಾಗವನ್ನು ಮುಕ್ತವಾಗಿ ಬಿಡುಗಡೆ ಮಾಡಿದ್ದು 2022ರ ಮೇ ತಿಂಗಳಲ್ಲಿ.

ಶಾಲೆಗಳು ಕಲಿಸಿದ ಪಾಠ

ಒಬ್ಬೊಬ್ಬರೇ ಕೇಳಿದರೆ ಕಂಪನಿಗೆ ಕೇಳಿಸದು. ಒಂದು ನಾಡಿನ ಶಾಲೆಗಳೆಲ್ಲ ಸೇರಿ ಕೇಳಿದರೆ? ಕೇರಳವು 2001ರಲ್ಲಿ 'ಐಟಿ ಅಟ್ ಸ್ಕೂಲ್' ಯೋಜನೆ ಆರಂಭಿಸಿ, ಕ್ರಮೇಣ ಶಾಲೆಗಳ ಗಣಕಗಳನ್ನು ಪೂರ್ಣವಾಗಿ ಮುಕ್ತ ತಂತ್ರಾಂಶಕ್ಕೆ ತಂದಿತು. ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳು ಲಿನಕ್ಸ್ ಕಲಿಯುವುದು ಹೀಗಾಗಿಯೇ. ಅವರ ಗಣಕ ಪಠ್ಯಪುಸ್ತಕವೂ ಕನ್ನಡದಲ್ಲಿದೆ. ನಮ್ಮ ಜಯನಗರದಲ್ಲಿರುವ 'ಐಟಿ ಫಾರ್ ಚೇಂಜ್' ಸಂಸ್ಥೆಯು 2011ರಿಂದ ರಾಜ್ಯದ ಶಿಕ್ಷಣ ಇಲಾಖೆಯ ಜೊತೆಗೂಡಿ ಸರ್ಕಾರಿ ಪ್ರೌಢಶಾಲಾ ಶಿಕ್ಷಕರಿಗೆ ಉಬುಂಟು ಲಿನಕ್ಸ್‌ನಲ್ಲಿ ತರಬೇತಿ ಕೊಟ್ಟಿತು. ಸಾವಿರಾರು ಗಣಕಗಳನ್ನು ಒಟ್ಟಿಗೆ ಕೊಳ್ಳುವವರು "ಇದು ಲಿನಕ್ಸ್‌ನಲ್ಲಿ ನಡೆಯುತ್ತದೆಯೇ?" ಎಂದು ಕೊಳ್ಳುವ ಮೊದಲೇ ಕೇಳಬಲ್ಲರು. ಆಗ ಉತ್ತರಿಸುವ ಹೊಣೆ ಮಾರುವವನದಾಗುತ್ತದೆ.

ಕನ್ನಡಿಗರಿಗೆ ಇನ್ನೊಂದು ಸಂತೋಷದ ಸಂಗತಿಯಿದೆ. ಕೆ.ಪಿ. ರಾವ್ ಅವರು ರೂಪಿಸಿದ ಕೀಲಿಮಣೆಯ ವಿನ್ಯಾಸವು ಕನ್ನಡ ಗಣಕ ಪರಿಷತ್ತಿನ ಹೆಸರಿನಲ್ಲಿ, 'ಕಗಪ' ಎಂದು, ಲಿನಕ್ಸ್‌ನ ಕೀಲಿಮಣೆಗಳ ಪಟ್ಟಿಯಲ್ಲೇ ಸೇರಿದೆ. ಬೇರೆ ತಂತ್ರಾಂಶ ಹಾಕದೆಯೇ ನೀವು ಕನ್ನಡ ಬರೆಯಬಹುದು.

ಇಂದು ನೀವು ಮಾಡಬೇಕಾದದ್ದು

ಇಂದು ಬಹುಪಾಲು ಡ್ರೈವರುಗಳು ಲಿನಕ್ಸ್‌ನ ಒಳಗೇ ಇವೆ. ಒಮ್ಮೆ ಒಳಗೆ ಸೇರಿದ ಡ್ರೈವರ್ ಕಂಪನಿಯ ಮರ್ಜಿಯನ್ನು ನಂಬಿ ಬದುಕುವುದಿಲ್ಲ. ನೋಡಿ, ಲಿನಕ್ಸ್ ಹುಟ್ಟಿದ್ದು 386 ಪ್ರೊಸೆಸರಿನ ಮೇಲೆ. ಅದರ ಬೆಂಬಲವನ್ನು ಕೈಬಿಟ್ಟದ್ದು 2012ರ ಡಿಸೆಂಬರಿನಲ್ಲಿ, ಇಪ್ಪತ್ತೊಂದು ವರ್ಷಗಳ ಬಳಿಕ!

ಹಾಗೆಂದು ಗುಟ್ಟು ಪೂರ್ತಿ ಬಯಲಾಗಿದೆ ಎಂದಲ್ಲ. ಅನೇಕ ಸಾಧನಗಳಿಗೆ ಡ್ರೈವರಿನ ಜೊತೆಗೆ 'ಫರ್ಮ್‌ವೇರ್' ಎಂಬ ಕಂಪನಿಯದೇ ಕಡತವೂ ಬೇಕು. ಎಚ್‌ಪಿ ಲೇಸರ್‌ಜೆಟ್ 1020 ಎಂಬ ಚಿಕ್ಕ ಪ್ರಿಂಟರಿಗೆ ಪ್ರತಿಸಲ ಸ್ವಿಚ್ ಹಾಕಿದಾಗಲೂ ಗಣಕದಿಂದ ಆ ಕಡತವನ್ನು ತುಂಬಬೇಕಾಗುತ್ತದೆ. ಮುಕ್ತತೆಯ ವಿಷಯದಲ್ಲಿ ಬಹಳ ಕಟ್ಟುನಿಟ್ಟಾದ ಡೆಬಿಯನ್ ಬಳಗವೂ 2022ರಲ್ಲಿ ಮತ ಹಾಕಿ, ಇಂಥ ಕಡತಗಳನ್ನು ತನ್ನ ಅನುಸ್ಥಾಪನಾ ಪ್ರತಿಯಲ್ಲೇ ಸೇರಿಸಲು ಒಪ್ಪಿತು. ತತ್ತ್ವಕ್ಕೂ ಬಳಕೆಗೂ ನಡುವಿನ ಜಗ್ಗಾಟ ಇನ್ನೂ ಮುಗಿದಿಲ್ಲ.

ಆದ್ದರಿಂದ ನೀವು ಆತುರಪಡಬೇಡಿ. ಒಂದು ಪೆನ್‌ಡ್ರೈವ್‌ನಲ್ಲಿ ಲಿನಕ್ಸ್ ತುಂಬಿಕೊಂಡು, ಹಾರ್ಡ್ ಡಿಸ್ಕನ್ನು ಮುಟ್ಟದೆ, ಅದರಿಂದಲೇ ಗಣಕವನ್ನು ಚಾಲೂ ಮಾಡಿ. ವೈಫೈ, ಧ್ವನಿ, ಕ್ಯಾಮೆರಾ, ಪ್ರಿಂಟರ್ ಒಂದೊಂದನ್ನೂ ಪರೀಕ್ಷಿಸಿ. ಎಲ್ಲವೂ ಸರಿಯಿದ್ದರೆ, ಕಡತಗಳ ಪ್ರತಿ ತೆಗೆದಿಟ್ಟು ಮುಂದುವರಿಯಿರಿ. ಏನಾದರೂ ನಡೆಯದಿದ್ದರೆ ಆ ಸಾಧನದ ಚಿಪ್ಪು ಯಾವುದೆಂದು ಗುರುತುಹಾಕಿಕೊಳ್ಳಿ. ಮುಂದಿನ ಬಾರಿ ಪ್ರಿಂಟರ್ ಕೊಳ್ಳಲು ಅಂಗಡಿಗೆ ಹೋದಾಗ, ಬೆಲೆ ಕೇಳುವ ಮುನ್ನ ಲಿನಕ್ಸ್‌ನ ಮಾತು ಕೇಳಿ.

ನಿಮ್ಮಲ್ಲಿ ಸಿ ಭಾಷೆ ಕಲಿಯುತ್ತಿರುವವರು ಇನ್ನೂ ಒಂದು ಹೆಜ್ಜೆ ಇಡಬಹುದು. ಲಿನಕ್ಸ್ ಡ್ರೈವರ್ ಬರೆಯುವುದನ್ನು ಕಲಿಸುವ ಕಾರ್ಬೆಟ್, ರುಬಿನಿ ಮತ್ತು ಕ್ರೋ ಹಾರ್ಟ್‌ಮನ್ ಅವರ 2005ರ ಪುಸ್ತಕ ಉಚಿತವಾಗಿ ಸಿಗುತ್ತದೆ. ಅದರ ಕೆಲವು ವಿವರಗಳು ಹಳತಾಗಿದ್ದರೂ ಮೂಲ ಪಾಠಗಳು ಹಳತಾಗಿಲ್ಲ. ತಮ್ಮ ಮೇಜಿನ ಮೇಲಿದ್ದ ಸಾಧನ ಕೆಲಸ ಮಾಡದಿದ್ದಾಗ, ಏಕೆ ಮಾಡದು ಎಂದು ಕೇಳಿದವರೇ ಈ ಇತಿಹಾಸವನ್ನು ಬರೆದವರು. ನಿಮ್ಮ ಮೇಜಿನ ಮೇಲೆ ಇರುವ ಸಾಧನ ಯಾವುದು?