ಕಕ್ಷಿದಾರರ ಹಣ: ವಕೀಲರ ಹೊಣೆ

ಕಕ್ಷಿದಾರರ ಹಣವೆಂದರೆ ಮೊಕದ್ದಮೆಯ ಖರ್ಚಿಗೆಂದು ಅಥವಾ ಕಕ್ಷಿದಾರನ ಪರವಾಗಿ ವಕೀಲರ ಕೈಸೇರುವ ಹಣ. ಇಂಥ ಹಣದ ವಿಚಾರದಲ್ಲಿ ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣಗಳ ವಕೀಲರಿಗೂ 1961ರ ವಕೀಲರ ಕಾಯ್ದೆಯಡಿ ಭಾರತೀಯ ವಕೀಲರ ಪರಿಷತ್ತು ರೂಪಿಸಿದ ನಿಯಮಗಳೇ ಅನ್ವಯ. ಫೀಸು ಬೇರೆ, ಖರ್ಚು ಬೇರೆ ಎಂದು ತಾರೀಕು ಸಹಿತ ಲೆಕ್ಕ ಬರೆದಿಡಬೇಕು. ಕೋರ್ಟ್ ಫೀ, ನಕಲು ಅರ್ಜಿಗೆಂದು ಕೊಟ್ಟ ಹಣವನ್ನು ಪ್ರಕರಣ ನಡೆಯುತ್ತಿರುವಾಗ ಲಿಖಿತ ಒಪ್ಪಿಗೆಯಿಲ್ಲದೆ ಫೀಸಿಗೆ ಮುರಿದುಕೊಳ್ಳುವಂತಿಲ್ಲ. ಕೈಯಲ್ಲಿರುವ ಹಣವನ್ನು ಸಾಲವಾಗಿ ಪರಿವರ್ತಿಸಿಕೊಳ್ಳುವಂತೆಯೂ ಇಲ್ಲ. ಹೇಮಾವತಿ ಜಲಾಶಯದಂಥ ಯೋಜನೆಗೆ ಭೂಮಿ ಬಿಟ್ಟ ರೈತನ ಪರಿಹಾರ ವಕೀಲರ ಕೈಗೆ ಬಂದರೆ, ಆ ಸಂಗತಿ ಆದಷ್ಟು ಬೇಗ ಅವನಿಗೆ ತಿಳಿಯಬೇಕು. ಗುಮಾಸ್ತರೋ ಜೂನಿಯರೋ ಹಣ ಪಡೆದು ಪುಸ್ತಕ ಬರೆದರೂ ಲೆಕ್ಕ ಒಪ್ಪಿಸುವ ಹೊಣೆ ವಕೀಲರದೇ. ನಕಲಿನ ಖರ್ಚು ಕೊಟ್ಟು ಕೇಳಿದ ಕಕ್ಷಿದಾರನಿಗೆ ಲೆಕ್ಕದ ಪ್ರತಿ ಕೊಡಬೇಕು. ಹಣ ದುರುಪಯೋಗವಾದರೆ ಕರ್ನಾಟಕ ರಾಜ್ಯ ವಕೀಲರ ಪರಿಷತ್ತಿಗೆ ದೂರು ಸಲ್ಲಿಸಬಹುದು.