ಹೊಳೆಮತ್ತಿ ಕಷಾಯವೂ ಕಪ್ಪಾದ ಬಾಣಲೆಯೂ

ಅಪ್ಪನಿಗೆ ಸ್ಟೆಂಟ್ ಹಾಕಿಸಿಕೊಂಡು ಮನೆಗೆ ಬಂದ ಮೇಲೆ ನೋಡೋಕೆ ಬಂದವರೆಲ್ಲ ಒಂದೊಂದು ಮದ್ದು ಹೇಳಿ ಹೋದರು. ಬೆಳ್ಳುಳ್ಳಿ, ಅಗಸೆಬೀಜ, ಇನ್ನೂ ಏನೇನೋ... ಅಪ್ಪನ ಮನಸ್ಸಿಗೆ ಹಿಡಿಸಿದ್ದು ಮಾತ್ರ ನಮ್ಮ ಬೀದಿಯ ಕೊನೇ ಮನೆ ಅಜ್ಜಿ ಹೇಳಿದ ಹೊಳೆಮತ್ತಿ ತೊಗಟೆ ಕಷಾಯ. "ನಮ್ಮ ಯಜಮಾನ್ರು ಹನ್ನೆರಡು ವರ್ಷ ಕುಡುದ್ರು ಕಣಪ್ಪ, ಗುಂಡ್ಕಲ್ಲಂಗಿದ್ರು" ಅಂದರು ಅಜ್ಜಿ.

ಸರಿ, ಗ್ರಂಥಿಗೆ ಅಂಗಡಿಯಿಂದ ಕಾಲು ಕೆಜಿ ತಂದೆ. ಅಮ್ಮ ಕೈಗೆ ಸಿಕ್ಕ ಕಬ್ಬಿಣದ ಬಾಣಲೆಯಲ್ಲಿ ಕುದಿಯೋಕಿಟ್ಟರು. ಸ್ವಲ್ಪ ಹೊತ್ತಿಗೆ ನೀರು ಇಂಕಿನ ಥರ ಕಪ್ಪು! ಅಮ್ಮ ಹೆದರಿ ಅಷ್ಟನ್ನೂ ಬಚ್ಚಲಿಗೆ ಸುರಿದರು.

ಆ ಕಪ್ಪು ಏನು ಅಂತ ಹುಡುಕುತ್ತಾ ಹೊರಟವನು ಸುಮಾರು ದೂರ ಹೋಗಿಬಿಟ್ಟೆ. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಇಂಕಿನ ಥರ ಅಂದೆನಲ್ಲ, ಅದು ನಿಜಕ್ಕೂ ಇಂಕೇ. ತೊಗಟೆಯಲ್ಲಿರುವ ಒಗರಿನ ಅಂಶಕ್ಕೆ ಟ್ಯಾನಿನ್ ಅಂತ ಹೆಸರು. ಅದು ಕಬ್ಬಿಣದ ಜೊತೆ ಸೇರಿದರೆ ಕಪ್ಪಾಗುತ್ತೆ. ಹಿಂದೆ ಅಳಲೆಕಾಯಿಗೆ ಕಬ್ಬಿಣ ಸೇರಿಸಿ ಮಸಿ ಮಾಡುತ್ತಿದ್ದದ್ದೂ ಇದೇ ಗುಟ್ಟಿನಿಂದ. ಅಳಲೆ, ತಾರೆ, ಹೊಳೆಮತ್ತಿ ಮೂರೂ ಟರ್ಮಿನೇಲಿಯ ಅನ್ನೋ ಒಂದೇ ಕುಲದ ಮರಗಳು, ದಾಯಾದಿಗಳು. ಕಷಾಯಕ್ಕೆ ಮಣ್ಣಿನ ಮಡಕೆಯನ್ನೋ ಕಲಾಯಿ ಹಾಕಿದ ಪಾತ್ರೆಯನ್ನೋ ಇಡೋದರಲ್ಲಿ ಸುಮ್ಮನೆ ಮಡಿವಂತಿಕೆ ಇಲ್ಲ, ರಸಾಯನಶಾಸ್ತ್ರವೇ ಇದೆ.

ಈಗ ಮಾತ್ರೆ ಡಬ್ಬಿಗಳ ಮೇಲೆ 'ಆಂಟಿಆಕ್ಸಿಡೆಂಟ್' ಅಂತ ದಪ್ಪಕ್ಷರದಲ್ಲಿ ಹಾಕಿರ್ತಾರಲ್ಲ, ತೊಗಟೆಯ ಮಟ್ಟಿಗೆ ಅದು ಬಹುಪಾಲು ಈ ಒಗರೇ. ಮರ ಇದನ್ನು ನಮ್ಮ ಹೃದಯಕ್ಕೆ ಅಂತ ಮಾಡಿಟ್ಟುಕೊಂಡಿಲ್ಲ. ಹುಳ, ಬೂಸ್ಟು, ಮೇಯೋ ಪ್ರಾಣಿಗಳಿಂದ ತನ್ನ ಚರ್ಮ ಕಾಪಾಡಿಕೊಳ್ಳೋಕೆ ಮಾಡಿಕೊಂಡದ್ದು.

ಅದನ್ನು ತೊಗಟೆಯಿಂದ ಬಿಡಿಸಿ ತೆಗೆಯೋ ವಿದ್ಯೆ ಹಳೆಯದು. ಹೃದಯದ ಕಾಯಿಲೆಗೆ ಈ ತೊಗಟೆಯನ್ನು ಮೊದಲು ಒತ್ತಿ ಹೇಳಿದವನು ವಾಗ್ಭಟ ಅನ್ನುತ್ತಾರೆ. 11ನೇ ಶತಮಾನದ ಬಂಗಾಳದ ಚಕ್ರಪಾಣಿದತ್ತ ಇದರ ಪುಡಿಯನ್ನು ತುಪ್ಪದಲ್ಲೋ ಹಾಲಿನಲ್ಲೋ ಬೆಲ್ಲದ ನೀರಿನಲ್ಲೋ ಕೊಡಿ ಅಂತಾನೆ. ಶಾರ್ಙ್ಗಧರನ ಕಷಾಯದ ಲೆಕ್ಕ ಅಂತೂ ಅಡುಗೆ ಪುಸ್ತಕದ ಹಾಗಿದೆ: ಮದ್ದು ಒಂದು ಪಾಲು, ನೀರು 16 ಪಾಲು, ಎಂಟನೇ ಒಂದು ಪಾಲಿಗೆ ಇಳಿಸಬೇಕು. ಹಾಲಿನಲ್ಲಿ ಕುದಿಸೋ ಕ್ಷೀರಪಾಕಕ್ಕೆ ಬೇರೆ ಲೆಕ್ಕ. ಮದ್ದು 1, ಹಾಲು 8, ನೀರು 32. ನೀರೆಲ್ಲ ಆವಿಯಾಗಿ ಹಾಲಷ್ಟೇ ಉಳಿಯೋ ತನಕ ಸಣ್ಣ ಉರಿ. ನೀರು ಒಗರನ್ನು ಎಳೆದುಕೊಳ್ಳುತ್ತೆ, ಹಾಲಿನ ಪ್ರೋಟೀನು ಅದನ್ನು ಹಿಡಿದುಕೊಳ್ಳುತ್ತೆ, ನಾಲಿಗೆ ಜೋಮು ಹಿಡಿಯೋದು ತಪ್ಪುತ್ತೆ. ಚಹಾಕ್ಕೆ ಹಾಲು ಹಾಕಿದಾಗ ಆಗೋದೂ ಇದೇ ಅಲ್ವಾ?

ಇಂದಿನ ಕಾರ್ಖಾನೆಯಲ್ಲೂ ಮೂಲ ಕೆಲಸ ಇಷ್ಟೇ. ತೊಗಟೆ ಪುಡಿ ಮಾಡು, ಬಿಸಿನೀರಿಗೋ ಆಲ್ಕೋಹಾಲ್ ಬೆರೆಸಿದ ನೀರಿಗೋ ಹಾಕು, ಸೋಸು, ಗಾಳಿಯ ಒತ್ತಡ ತಗ್ಗಿಸಿ ಕಡಿಮೆ ಶಾಖದಲ್ಲಿ ಇಂಗಿಸು, ಒಣಗಿಸಿ ಪುಡಿ ಮಾಡು. ಹೊಸದು ಅಂದರೆ ಅಳತೆ. ಡಿಪಿಪಿಎಚ್ ಅಂತ ನೇರಳೆ ಬಣ್ಣದ ದ್ರಾವಣ ಒಂದಿದೆ. 1958ರಲ್ಲಿ ಬ್ಲಾಯ್ಸ್ ಅನ್ನೋ ವಿಜ್ಞಾನಿ ತೋರಿಸಿಕೊಟ್ಟ ಪರೀಕ್ಷೆ. ತೊಗಟೆ ಸಾರ ಹಾಕಿದರೆ ನೇರಳೆ ಹೋಗಿ ಹಳದಿಯಾಗುತ್ತೆ, ಬಣ್ಣ ಎಷ್ಟು ಇಳಿಯಿತೋ ಅಷ್ಟು ಶಕ್ತಿ. ನಮ್ಮಮ್ಮನ ಬಾಣಲೆಯಲ್ಲೂ ಬಣ್ಣ ಬದಲಾಯಿತು, ಆದರೆ ಅಂಕಿ ಬರಲಿಲ್ಲ :)

ಈ ಕಥೆ ನಮ್ಮ ದೇಶದ್ದು ಮಾತ್ರ ಅಲ್ಲ. 1535-36ರ ಚಳಿಗಾಲ, ಕೆನಡಾದ ಹೆಪ್ಪುಗಟ್ಟಿದ ನದಿಯಲ್ಲಿ ಫ್ರಾನ್ಸಿನ ಜಾಕ್ ಕಾರ್ಟಿಯೆಯ ಹಡಗುಗಳು ಸಿಕ್ಕಿಕೊಂಡವು. ಸ್ಕರ್ವಿ ರೋಗದಿಂದ 25 ಜನ ಸತ್ತರು. ಆಗ ಅಲ್ಲಿನ ಮೂಲನಿವಾಸಿಗಳು 'ಅನೆಡ್ಡಾ' ಅನ್ನೋ ಮರದ ತೊಗಟೆ, ಎಲೆ ಕುದಿಸಿ ಕುಡಿಯೋದು ತೋರಿಸಿಕೊಟ್ಟರು. ಉಳಿದವರು ಬದುಕಿದರು. ನಾಲ್ಕು ಶತಮಾನದ ನಂತರ ಬೋರ್ಡೋ ವಿಶ್ವವಿದ್ಯಾಲಯದ ಜಾಕ್ ಮಾಸ್ಕೆಲಿಯೆ, 1947ರಲ್ಲಿ ಕಡಲೆಕಾಯಿ ಬೀಜದ ಕೆಂಪು ಸಿಪ್ಪೆಯಿಂದ ಶುರು ಮಾಡಿ, ಮುಂದೆ ಪೈನ್ ಮರದ ತೊಗಟೆಯಿಂದಲೂ ಅದೇ ಒಗರಿನ ಅಂಶ ಬೇರ್ಪಡಿಸಿದ. 1987ರಲ್ಲಿ ಅಮೆರಿಕದ ಪೇಟೆಂಟೂ ಸಿಕ್ಕಿತು. ಕಾರ್ಟಿಯೆಯ ಜನರನ್ನು ಉಳಿಸಿದ್ದು ಮುಖ್ಯವಾಗಿ ಆ ಕಷಾಯದ ಸಿ ವಿಟಮಿನ್ನೇ ಇರಬೇಕು. ಆದರೆ ಮಾರೋರಿಗೆ ಕಥೆ ಚೆನ್ನಾಗಿ ಒದಗಿತು. ಪೇಟೆಂಟಿನಲ್ಲಿ ಮರ ತೋರಿಸಿಕೊಟ್ಟವರ ಪಾಲು ಎಷ್ಟು ಅಂತ ಕೇಳಬೇಡಿ.

ಇನ್ನು ನಮ್ಮ ಕಡೆಗೆ ಬರೋಣ. ನಾನಿರೋ ಸುಂಕದಕಟ್ಟೆ ಮಾಗಡಿ ರಸ್ತೆಯ ಮೇಲಿದೆ. ಹೆಸರೇ ಹೇಳುವಂತೆ ಸುಂಕ ಕಟ್ಟೋ ಕಟ್ಟೆ. ಮಾಗಡಿ ಕಾಡಿನ ಮರ, ತೊಗಟೆ, ಅಂಟು ಹೇರಿಕೊಂಡ ಗಾಡಿಗಳು ಇಲ್ಲಿ ನಿಂತು ದುಡ್ಡು ಕೊಟ್ಟು ಮುಂದೆ ಹೋಗುತ್ತಿದ್ದವು ಅಂತ ಕಲ್ಪಿಸಿಕೊಳ್ಳೋದು ನನಗಿಷ್ಟ, ವಿಶೇಷವಾಗಿ ಸಿಗ್ನಲ್ಲಿನಲ್ಲಿ ಬಸ್ ನಿಂತಾಗ. ಟಿಪ್ಪು ಸತ್ತ ಮರುವರ್ಷ, 1800ರಲ್ಲಿ, ಫ್ರಾನ್ಸಿಸ್ ಬುಕಾನನ್ ಮಾಗಡಿ, ಸಾವನದುರ್ಗದ ಸೀಮೆಯಲ್ಲಿ ಓಡಾಡಿದ. ಹೋದಲ್ಲೆಲ್ಲ ಮರಗಳ ಕನ್ನಡ ಹೆಸರು ಕೇಳಿ ಬರೆದುಕೊಂಡ. 1807ರಲ್ಲಿ ಲಂಡನ್ನಿನಲ್ಲಿ ಮೂರು ಸಂಪುಟವಾಗಿ ಅಚ್ಚಾಯಿತು. ಕಂಪನಿಗೆ ಬೇಕಿದ್ದದ್ದು ಈ ನೆಲದಲ್ಲಿ ಏನೇನು ಸಿಗುತ್ತೆ ಅನ್ನೋ ಪಟ್ಟಿ. ನಮಗೆ ಇವತ್ತು ಅದೇ ಪಟ್ಟಿ ಬೇರೆ ಕಾರಣಕ್ಕೆ ಬೇಕಾಗಿದೆ.

ಮರದಿಂದ ಸಾರ ತೆಗೆಯೋ ಆಧುನಿಕ ಕಾರ್ಖಾನೆ ಬೆಂಗಳೂರಿಗೆ ಬಂದದ್ದು 1916ರಲ್ಲಿ, ಶ್ರೀಗಂಧದ ಎಣ್ಣೆಯ ನೆಪದಲ್ಲಿ. ಮೊದಲ ಮಹಾಯುದ್ಧದಿಂದ ಗಂಧದ ಮರ ಜರ್ಮನಿಗೆ ಹೋಗೋದು ನಿಂತಿತ್ತು. ಆಮೇಲೆ 1975ರಲ್ಲಿ ತುಮಕೂರು ರಸ್ತೆಯ ಮಾಕಳಿಗೆ ಹಿಮಾಲಯ ಡ್ರಗ್ ಕಂಪನಿ ಬಂತು. 1955ರಿಂದ ಅವರು ಮಾಡುತ್ತಿರೋ ಲಿವ್ 52 ಮಾತ್ರೆಯಲ್ಲಿ 32 ಮಿಲಿಗ್ರಾಂ ಅರ್ಜುನ ಇದೆ, ಅಂದರೆ ನಮ್ಮ ಹೊಳೆಮತ್ತಿಯೇ. ನಮ್ಮ ಪಕ್ಕದ ಪೀಣ್ಯದಲ್ಲಿ 1991ರಲ್ಲಿ ಸಾಮಿ ಲ್ಯಾಬ್ಸ್ ಶುರುವಾಗಿ ಗಿಡಮೂಲಿಕೆ ಸಾರಗಳನ್ನು ಹೊರದೇಶಕ್ಕೆ ಕಳಿಸಿತು.

ಹಾಗಾದರೆ ಅಜ್ಜಿ ಹೇಳಿದ್ದು ನಿಜವಾ? 2001ರಲ್ಲಿ ಜೈಪುರದ ವೈದ್ಯರು ಹೃದ್ರೋಗಿಗಳ ಮೇಲೆ ಮಾಡಿದ ಒಂದು ಪರೀಕ್ಷೆ ಪ್ರಕಟವಾಯಿತು. 105 ಜನ, 35ರಂತೆ ಮೂರು ಗುಂಪು. ಒಂದಕ್ಕೆ ಬರೀ ಹುಸಿಮಾತ್ರೆ, ಒಂದಕ್ಕೆ ಇ ವಿಟಮಿನ್, ಒಂದಕ್ಕೆ ದಿನಾ 500 ಮಿಲಿಗ್ರಾಂ ಈ ತೊಗಟೆಯ ಪುಡಿ. 30 ದಿನದಲ್ಲಿ ತೊಗಟೆಯ ಗುಂಪಿನಲ್ಲಿ ಕೊಲೆಸ್ಟ್ರಾಲ್ ಇಳಿಯಿತು. ರಕ್ತದ ಕೊಬ್ಬು ಕೆಡೋದು ಎರಡೂ ಮದ್ದಿನ ಗುಂಪಿನಲ್ಲಿ ಕಡಿಮೆಯಾಯಿತು. ಖುಷಿಯ ಸುದ್ದಿಯೇ. ಆದರೆ 35 ಜನ, ಒಂದು ತಿಂಗಳು... ಅಷ್ಟರಿಂದ ಅಪ್ಪನ ಮಾತ್ರೆ ನಿಲ್ಲಿಸೋ ಧೈರ್ಯ ನನಗಿಲ್ಲ. ಫಿನ್ಲೆಂಡಿನಲ್ಲಿ ಬೀಡಿ ಸಿಗರೇಟು ಸೇದೋರಿಗೆ ಬೀಟಾ ಕೆರೋಟಿನ್ ಕೊಟ್ಟು ನೋಡಿದರೆ ಶ್ವಾಸಕೋಶದ ಕ್ಯಾನ್ಸರ್ ಹೆಚ್ಚಾಗಿತ್ತು (1994). ಆಹಾರದ ಆಂಟಿಆಕ್ಸಿಡೆಂಟ್ ಅಂಕಿಗಳ ದೊಡ್ಡ ಪಟ್ಟಿ ಇಟ್ಟಿದ್ದ ಅಮೆರಿಕದ ಕೃಷಿ ಇಲಾಖೆ, ಆ ಅಂಕಿಗೂ ಮನುಷ್ಯನ ಆರೋಗ್ಯಕ್ಕೂ ನೇರ ಸಂಬಂಧ ಕಾಣೋದಿಲ್ಲ ಅಂತ 2012ರಲ್ಲಿ ಪಟ್ಟಿಯನ್ನೇ ತೆಗೆದುಹಾಕಿತು. ಬಾಟಲಿಯಲ್ಲಿ ನೇರಳೆ ಹಳದಿಯಾಗೋದೇ ಬೇರೆ, ಅಪ್ಪನ ಎದೆಯೇ ಬೇರೆ.

ಇಷ್ಟೆಲ್ಲ ಓದಿಕೊಂಡು ಮಡಕೆ ತಂದು ಮತ್ತೆ ಕುದಿಸೋಣ ಅನ್ನೋವಾಗ ಮಾಗಡಿ ಕಡೆಯಿಂದ ಮಾವ ಬಂದರು. ಡಬ್ಬಿಯಿಂದ ಒಂದು ಚೂರು ತೆಗೆದು ಬೆಳಕಿಗೆ ಹಿಡಿದು, "ಯಾವನ್ಲಾ ಇದನ್ನ ಹೊಳೆಮತ್ತಿ ಅಂತ ಕೊಟ್ಟೋನು? ಇದು ಕರಿಮತ್ತಿ" ಅಂದರು. ಮೊಸಳೆ ಚರ್ಮದ ಹಾಗೆ ಕಪ್ಪಗೆ ಬಿರುಕು ಬಿಟ್ಟಿರೋದು ಕರಿಮತ್ತಿ. ಹೊಳೆಮತ್ತಿ ನುಣುಪು, ಬೂದುಬಿಳಿ, ತೆಳ್ಳಗೆ ಹಕ್ಕಳೆ ಏಳುತ್ತೆ. ಅರ್ಜುನ ಅಂದರೆ ಬಿಳಿ ಅಂತಲೇ ಅರ್ಥ. ನಾನು ಅಷ್ಟು ಪುಟ ಓದಿದ್ದೆ, ತೊಗಟೆಯನ್ನೇ ಸರಿಯಾಗಿ ನೋಡಿರಲಿಲ್ಲ! ಕರಿಮತ್ತಿಯೂ ಕೆಟ್ಟ ಮರ ಅಲ್ಲ. ಅದರ ತೊಗಟೆಯ ಬೂದಿಯಲ್ಲಿ ಸುಣ್ಣ ಎಷ್ಟಿದೆ ಅಂದರೆ ಎಲೆಅಡಿಕೆಗೆ ಹಾಕಿಕೊಳ್ಳುತ್ತಿದ್ದರು. ಆದರೆ ಅಪ್ಪನಿಗೆ ಬೇಕಿದ್ದದ್ದು ಅದಲ್ಲ.

ಅಶೋಕದ ಪಾಡು ಇನ್ನೂ ಕೆಟ್ಟದ್ದು. ಹೆಂಗಸರ ಮದ್ದಿಗೆ ಅದರ ತೊಗಟೆ ಸುಲಿದೂ ಸುಲಿದೂ ಪಶ್ಚಿಮಘಟ್ಟದ ಅಸಲಿ ಅಶೋಕ ಅಪಾಯದ ಅಂಚಿನ ಮರಗಳ ಪಟ್ಟಿ ಸೇರಿದೆ. ಅದರ ಹೆಸರಿನಲ್ಲಿ ಪೇಟೆಗೆ ಬರೋದು ಎಷ್ಟೋ ಸಲ ಶಾಲೆ ಕಾಂಪೌಂಡಿನಲ್ಲಿ ಕಂಬದ ಹಾಗೆ ನಿಲ್ಲೋ ಇನ್ನೊಂದು ಮರದ ತೊಗಟೆ. ಕಾಂಡದ ಸುತ್ತಲೂ ಬಳೆಯ ಹಾಗೆ ಸುಲಿದರೆ ಎಲೆ ಮಾಡಿದ ಆಹಾರ ಬೇರಿಗೆ ಇಳಿಯೋದಿಲ್ಲ, ಮರ ನಿಂತಲ್ಲೇ ಸಾಯುತ್ತೆ. ಒಂದು ಪಕ್ಕದಿಂದ ಪಟ್ಟಿಯಷ್ಟು ತೆಗೆದರೆ ಹೊಳೆಮತ್ತಿ ಮತ್ತೆ ತೊಗಟೆ ಕಟ್ಟಿಕೊಳ್ಳುತ್ತೆ. 1993ರಿಂದ ಬೆಂಗಳೂರಿನ ಎಫ್‌ಆರ್‌ಎಲ್‌ಎಚ್‌ಟಿ ಸಂಸ್ಥೆ ಅರಣ್ಯ ಇಲಾಖೆಯ ಜೊತೆ ಸೇರಿ ಔಷಧಿ ಸಸ್ಯಗಳಿಗೆ ಅಂತಲೇ ಕಾಡಿನ ತುಂಡುಗಳನ್ನು ಗುರುತು ಮಾಡಿತು. ಅದರಲ್ಲಿ ಸಾವನದುರ್ಗವೂ ಒಂದು.

ಹೃದಯದ ಡಾಕ್ಟರು ಕಷಾಯ ಬೇಡ, ರಕ್ತ ತೆಳು ಮಾಡೋ ಮಾತ್ರೆ ಜೊತೆ ಏನನ್ನೂ ಬೆರೆಸಬೇಡಿ ಅಂದರು. ಅಪ್ಪ ಮುಖ ಸಣ್ಣ ಮಾಡಿಕೊಂಡರು. ಅದಕ್ಕೇ ಹೋದ ಭಾನುವಾರ ಅವರನ್ನು ಸಂಗಮಕ್ಕೆ ಕರೆದುಕೊಂಡು ಹೋಗಿದ್ದೆ. ನಮ್ಮ ಮಾಗಡಿ ರಸ್ತೆ ಪಕ್ಕದ ತಿಪ್ಪಗೊಂಡನಹಳ್ಳಿ ಕೆರೆಯ ಅರ್ಕಾವತಿ ಅಲ್ಲಿ ಕಾವೇರಿಗೆ ಸೇರುತ್ತೆ, ದಡದುದ್ದಕ್ಕೂ ದೊಡ್ಡ ದೊಡ್ಡ ಹೊಳೆಮತ್ತಿಗಳು. ಒಂದು ಮರದ ಪಕ್ಕದಲ್ಲಿ ಯಾರೋ ಯಾವಾಗಲೋ ಸುಲಿದಿದ್ದ ಗುರುತಿತ್ತು. ಅಂಚಿನಿಂದ ತೊಗಟೆ ಮತ್ತೆ ಕೂಡಿಕೊಳ್ಳುತ್ತಾ ಬಂದಿತ್ತು. ಅಪ್ಪ ಅದರ ಮೇಲೆ ಕೈ ಇಟ್ಟುಕೊಂಡು ಸುಮಾರು ಹೊತ್ತು ನಿಂತಿದ್ದರು.

ಕಾಲು ಕೆಜಿಯಲ್ಲಿ ಉಳಿದ ಕರಿಮತ್ತಿ ಇನ್ನೂ ಡಬ್ಬಿಯಲ್ಲೇ ಇದೆ. ಕೊನೇ ಮನೆ ಅಜ್ಜಿಗೆ ನಾವಿನ್ನೂ ಏನೂ ಹೇಳಿಲ್ಲ. ಅಂದಹಾಗೆ ನಿಮ್ಮ ಕಡೆ ಇದಕ್ಕೆ ಏನಂತೀರಿ, ತೊರೆಮತ್ತಿಯೋ ನೀರುಮತ್ತಿಯೋ?